ಮೋಟರ್‌ಹೋಮಿನ ಹಳೆಯ ಪರದೆ: ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆಗಳನ್ನು ಒಡಲಲ್ಲೇ ಇಟ್ಟುಕೊಂಡು ತಿರುಗುವ ವಾಹನಗಳ ಡ್ಯಾಶ್‌ಬೋರ್ಡ್ ಪರದೆಯ ಕುರಿತು ಈ ಬಾರಿ ನಾಲ್ಕು ಪತ್ರಗಳು ಬಂದಿವೆ. ಅವುಗಳಲ್ಲಿ ಮೂರು ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರವು, ಒಂದು ಮೈಸೂರಿನದು. ವಿಷಯ ಒಂದೇ ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ, 2010ರ ಮಾದರಿಯ 'ಸಿ' ವರ್ಗದ (ವ್ಯಾನಿನ ಮುಂಭಾಗವನ್ನು ಉಳಿಸಿಕೊಂಡು ಹಿಂದೆ ಮನೆ ಕಟ್ಟಿದ) ಮೋಟರ್‌ಹೋಮ್ ಒಂದನ್ನು ನಾವು ಹಿಂದಿನ ಮಾಲೀಕರಿಂದ ಕೊಂಡಿದ್ದೇವೆ. ಅದರ ಡ್ಯಾಶ್‌ಬೋರ್ಡ್ ಪರದೆಗೆ ವಯಸ್ಸಾಗಿದೆ. ಒಂದು ಕಡೆ ಬೆರಳಿಟ್ಟರೆ ಇನ್ನೆಲ್ಲೋ ಒತ್ತಿದಂತಾಗುತ್ತದೆ, ನಕ್ಷೆಯಲ್ಲಿ ಹೊಸ ರಸ್ತೆಗಳಿಲ್ಲ, ದಿನಾಂಕವಂತೂ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಹಿಂಬದಿ ಕ್ಯಾಮೆರಾದ ಚಿತ್ರ ಮಾತ್ರ ಇಂದಿಗೂ ಚೆನ್ನಾಗಿ ಬರುತ್ತದೆ. ಅಂಗಡಿಯವರು ಹತ್ತು ಇಂಚಿನ ಆಂಡ್ರಾಯ್ಡ್ ಪರದೆ ಹಾಕಿಸಿಕೊಳ್ಳಿ, ಅದರ ಜೊತೆಗೆ ಕ್ಯಾಮೆರಾವನ್ನೂ ಕೇಬಲ್ಲನ್ನೂ ಬದಲಿಸಲೇಬೇಕು ಎನ್ನುತ್ತಾರೆ. ಇಷ್ಟೆಲ್ಲ ಅಗತ್ಯವೇ? ಸ್ವಲ್ಪ ಕೈಗೆಲಸ ಬಲ್ಲ ನಾವೇ ಇದನ್ನು ಮಾಡಿಕೊಳ್ಳಬಹುದೇ?
– ಓದುಗರು, ಕೊಲಂಬಿಯಾ, ಮೇರಿಲ್ಯಾಂಡ್

ಉತ್ತರ: ಪರದೆ ಬದಲಿಸುವುದು ಸರಿ. ಕ್ಯಾಮೆರಾ ಬದಲಿಸುವ ಅಗತ್ಯ, ನೀವು ಬರೆದಿರುವುದನ್ನು ನೋಡಿದರೆ, ಕಾಣುವುದಿಲ್ಲ. ಹತ್ತು ಇಂಚಿನ ಪರದೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾರಣಗಳನ್ನು ಮುಂದೆ ಹೇಳುತ್ತೇನೆ.

ಮೊದಲು ದಿನಾಂಕದ ವಿಚಾರ. ಜಿಪಿಎಸ್ ಉಪಗ್ರಹಗಳ ಹಳೆಯ ಸಂಕೇತಪದ್ಧತಿಯಲ್ಲಿ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸಲಾಗುತ್ತದೆ. 1024 ವಾರಗಳೆಂದರೆ ಹತ್ತೊಂಬತ್ತೂವರೆ ವರ್ಷಕ್ಕಿಂತ ತುಸು ಹೆಚ್ಚು. ಈ ಎಣಿಕೆ ಕಳೆದ ಬಾರಿ ಸೊನ್ನೆಗೆ ಮರಳಿದ್ದು 2019ರ ಏಪ್ರಿಲ್ 6ರಂದು. ಅದನ್ನು ಸರಿದೂಗಿಸಿಕೊಳ್ಳುವ ತಂತ್ರಾಂಶವಿಲ್ಲದ ಹಳೆಯ ಸಾಧನಗಳಲ್ಲಿ ಕೆಲವು ಅಂದೇ, ಇನ್ನು ಕೆಲವು ತಮ್ಮೊಳಗೆ ನಿಗದಿಯಾಗಿದ್ದ ಬೇರೊಂದು ದಿನ ಎರಡು ದಶಕ ಹಿಂದಕ್ಕೆ ಜಾರಿದವು. ವಾಹನ ಎಲ್ಲಿದೆ ಎಂಬುದನ್ನು ಅವು ಸರಿಯಾಗಿಯೇ ತೋರಿಸಬಲ್ಲವು, ದಿನಾಂಕವಷ್ಟೇ ಕೆಡುತ್ತದೆ. ತಯಾರಕರು ಹೊಸ ತಂತ್ರಾಂಶ ಕೊಟ್ಟಿದ್ದರೆ ಇದು ಸರಿಹೋಗುತ್ತದೆ, ಇಲ್ಲವಾದರೆ ಮನೆಯಲ್ಲಿ ಮಾಡಬಹುದಾದ ರಿಪೇರಿ ಯಾವುದೂ ಇಲ್ಲ. ಬೆರಳು ತಪ್ಪು ಜಾಗಕ್ಕೆ ತಗಲುವುದನ್ನು ಸೆಟ್ಟಿಂಗ್‌ನಲ್ಲಿರುವ ಸ್ಪರ್ಶ ಹೊಂದಾಣಿಕೆಯಿಂದ ಒಮ್ಮೊಮ್ಮೆ ಸರಿಪಡಿಸಬಹುದು. ಆದರೆ ನಕ್ಷೆ, ದಿನಾಂಕ, ಸ್ಪರ್ಶ ಮೂರೂ ಕೆಟ್ಟಿರುವಾಗ ಅದಕ್ಕೆ ಹೊತ್ತು ವ್ಯಯಿಸುವುದು ಬೇಡ.

ಇನ್ನು ಅಳತೆ. ಕಾರಿನ ಸ್ಟೀರಿಯೋಗಳ ಮುಖಕ್ಕೆ ದಶಕಗಳಿಂದ ಎರಡು ಅಳತೆಗಳು ರೂಢಿಯಲ್ಲಿವೆ: ಸಿಂಗಲ್ ಡಿನ್ ಎಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಡಬಲ್ ಡಿನ್ ಎಂದರೆ ಅದೇ ಅಗಲ, ಇಮ್ಮಡಿ ಎತ್ತರ. ನಿಮ್ಮಲ್ಲಿರುವುದು ಡಬಲ್ ಡಿನ್ ಆಗಿರುವ ಸಂಭವವೇ ಹೆಚ್ಚು. ಆದರೂ ಮುಖದ ಅಳತೆಯೊಂದನ್ನೇ ನೋಡಿ ಕೊಳ್ಳಬೇಡಿ. ಹಳೆಯ ಪರದೆಯನ್ನು ಹೊರಗೆಳೆದು, ಖಾನೆಯ ಆಳವನ್ನೂ ಹಿಂದೆ ತಂತಿಗಳ ಗೊಂಚಲು ಕುಳಿತುಕೊಳ್ಳಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೂ ಅಳೆದುಕೊಳ್ಳಿ. ಹತ್ತು ಇಂಚಿನ ಪರದೆಗಳು ಈ ಖಾನೆಯೊಳಗೆ ಹಿಡಿಸುವುದಿಲ್ಲವಾದ್ದರಿಂದ ಅವು ಡ್ಯಾಶ್‌ಬೋರ್ಡಿನ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತವೆ. ಇ-ಸರಣಿಯ ಫೋರ್ಡ್‌ನಲ್ಲಿ ಗೇರ್ ಲಿವರ್ ಇರುವುದು ಸ್ಟೀರಿಂಗ್ ಕಂಬದ ಬಲಬದಿಯಲ್ಲಿ. ಪಾರ್ಕ್‌ನಿಂದ ಕೆಳಗಿನ ಗೇರುಗಳಿಗೆ ಎಳೆದಾಗ ಅದು ಡ್ಯಾಶ್‌ಬೋರ್ಡಿನ ನಡುಭಾಗದ ಸಮೀಪದಲ್ಲೇ ತಿರುಗುತ್ತದೆ. ಅಲ್ಲಿ ಚಾಚಿಕೊಂಡ ಪರದೆಯೊಂದು ಲಿವರಿಗೆ ತಗಲಬಹುದು, ಇಲ್ಲವೇ ಹವಾನಿಯಂತ್ರಣದ ಗಾಳಿಕಿಂಡಿಯನ್ನೋ ಗುಂಡಿಗಳನ್ನೋ ಮುಚ್ಚಬಹುದು. ಏಳು ಇಂಚಿನ ಒಳ್ಳೆಯ ಪರದೆ, ಧ್ವನಿಯ ಏರಿಳಿತಕ್ಕೆ ತಿರುಗಿಸುವ ನಿಜವಾದ ಗುಂಡಿ – ಕುಲುಕುವ ವಾಹನದಲ್ಲಿ ಇವೆರಡು ಇದ್ದರೆ ಸಾಕು.

ನಿಮ್ಮ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ವಿದ್ಯುತ್ ಸಂಪರ್ಕ. ಸಾಮಾನ್ಯ ಕಾರಿನಲ್ಲಿ ಇರುವುದು ಒಂದೇ ಬ್ಯಾಟರಿ, ಮೋಟರ್‌ಹೋಮಿನಲ್ಲಿ ಎರಡು ಬಳಗ. ಎಂಜಿನ್ ಚಾಲೂ ಮಾಡಲು ಒಂದು, ಒಳಗಿನ ದೀಪ, ನೀರಿನ ಪಂಪು ಮುಂತಾದವಕ್ಕೆ ಇನ್ನೊಂದು. ಸ್ಟೀರಿಯೋದಿಂದ ಹೊರಡುವ ಹಳದಿ ತಂತಿ ಸದಾ ವಿದ್ಯುತ್ ಇರಬೇಕಾದದ್ದು. ಗಡಿಯಾರ, ನೆನಪು ಉಳಿಯುವುದು ಅದರಿಂದ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಕಪ್ಪು ತಂತಿ ಚಾಸಿಗೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಮೋಟರ್‌ಹೋಮ್ ಕಟ್ಟುವವರು, ನಿಲ್ಲಿಸಿದಾಗಲೂ ಹಾಡು ಕೇಳಲು ಅನುಕೂಲವಾಗಲೆಂದು, ಕೆಂಪು ತಂತಿಯನ್ನು ಒಂದು ಸ್ವಿಚ್ಚಿನ ಮೂಲಕ ಒಳಗಿನ ಬ್ಯಾಟರಿಗೂ ಸೇರಿಸಿರುವುದುಂಟು. ಹಳದಿಯನ್ನೂ ಕೆಲವರು ಎಂಜಿನ್ ಬ್ಯಾಟರಿಗೆ, ಕೆಲವರು ಒಳಗಿನ ಬ್ಯಾಟರಿಗೆ ಕೊಟ್ಟಿರುತ್ತಾರೆ. ಈ ಬಣ್ಣಗಳು ಸ್ಟೀರಿಯೋದ ಕಡೆಯ ಪ್ಲಗ್ಗಿಗೆ ಮಾತ್ರ ಅನ್ವಯಿಸುತ್ತವೆ, ವಾಹನದ ಕಡೆಯ ಬಣ್ಣಗಳು ಬೇರೆ. ಆದ್ದರಿಂದ ಬಣ್ಣವನ್ನು ನಂಬದೆ ಪ್ರತಿಯೊಂದನ್ನೂ ಮಲ್ಟಿಮೀಟರಿನಿಂದ (ವೋಲ್ಟ್ ಅಳೆಯುವ ಕೈಸಾಧನ) ಅಳೆಯಿರಿ: ಕೀಲಿ ತೆಗೆದಾಗ, ಕೀಲಿ ತಿರುಗಿಸಿದಾಗ, ಒಳಗಿನ ಬ್ಯಾಟರಿಯನ್ನು ಕಡಿದುಹಾಕುವ ಸ್ವಿಚ್ ಆರಿಸಿದಾಗ. ಈ ಮೂರು ಅಳತೆಗಳನ್ನು ಕಾಗದದ ಮೇಲೆ ಬರೆದುಕೊಂಡರೆ ಯಾವ ತಂತಿ ಎಲ್ಲಿಂದ ಬಂದಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಂಡ್ರಾಯ್ಡ್ ಪರದೆಗಳಲ್ಲಿ ಅನೇಕವು ಕೀಲಿ ತೆಗೆದ ಮೇಲೆ ಪೂರ್ತಿ ಆರದೆ ಅರೆನಿದ್ದೆಯಲ್ಲಿರುತ್ತವೆ, ಬೇಗ ಎಚ್ಚರಗೊಳ್ಳಲಿ ಎಂಬುದು ಅದರ ಉದ್ದೇಶ. ಅಂತಹ ಪರದೆ 20 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೂ ತಿಂಗಳಿಗೆ ಸುಮಾರು 14 ಆಂಪಿಯರ್-ಗಂಟೆ ಖರ್ಚಾಗುತ್ತದೆ. ದಿನವೂ ಓಡುವ ಕಾರಿಗೆ ಇದು ಲೆಕ್ಕಕ್ಕಿಲ್ಲ. ಚಳಿಗಾಲವಿಡೀ ಅಂಗಳದಲ್ಲಿ ನಿಲ್ಲುವ ಮೋಟರ್‌ಹೋಮಿನ ಎಂಜಿನ್ ಬ್ಯಾಟರಿ ವಸಂತದ ಹೊತ್ತಿಗೆ ಸತ್ತಿರಲು ಇಷ್ಟು ಸಾಕು. ಹಳದಿ ತಂತಿಗೂ ಕೈಗೆಟುಕುವ ಜಾಗದಲ್ಲಿ ಒಂದು ಸ್ವಿಚ್ ಇಟ್ಟರೆ, ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ ಎಂಬುದನ್ನು ಬಿಟ್ಟರೆ, ನಷ್ಟವೇನಿಲ್ಲ.

ಕೆಲಸಕ್ಕಿಳಿಯುವ ಮುನ್ನ ಎರಡೂ ಬ್ಯಾಟರಿಗಳ ಋಣ ತುದಿಯನ್ನು ಬಿಚ್ಚಿಡಿ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ: ಹೊರಗಿನ ವಿದ್ಯುತ್ ಕೇಬಲ್ ಸಿಕ್ಕಿಸಿದ್ದರೆ ಅದನ್ನು 12 ವೋಲ್ಟಿಗೆ ಇಳಿಸುವ ಕನ್ವರ್ಟರ್, ವಾಹನದೊಳಗಿನ 12 ವೋಲ್ಟ್ ತಂತಿಗಳಿಗೆ ಬ್ಯಾಟರಿ ಇಲ್ಲದೆಯೂ ವಿದ್ಯುತ್ ಹರಿಸುತ್ತಿರುತ್ತದೆ, ಆದ್ದರಿಂದ ಅದನ್ನೂ ಕಳಚಿ. ಚಾವಣಿಯ ಮೇಲೆ ಸೌರಫಲಕವಿದ್ದರೆ ಅದರ ಫ್ಯೂಸನ್ನೂ ತೆಗೆಯಿರಿ. ಏರ್‌ಬ್ಯಾಗಿನ ತಂತಿಗಳು ಸಾಮಾನ್ಯವಾಗಿ ಹಳದಿ ಕವಚದಲ್ಲಿ ಅಥವಾ ಹಳದಿ ಪ್ಲಗ್ಗಿನಲ್ಲಿ ಇರುತ್ತವೆ. ಸ್ಟೀರಿಯೋದ ಹಳದಿ ತಂತಿಯೆಂದು ಭಾವಿಸಿ ಅವುಗಳಿಗೆ ಮೀಟರಿನ ಮೊನೆ ಚುಚ್ಚುವುದು ಅಪಾಯಕಾರಿ. ವಾಹನದ ಮೂಲ ಪ್ಲಗ್ಗನ್ನು ಕತ್ತರಿಸಬೇಡಿ. ಅದಕ್ಕೆ ಹೊಂದುವ ಅಡಾಪ್ಟರ್ ಹಾರ್ನೆಸ್ (ಪ್ಲಗ್ಗು ಸಮೇತವಾದ ತಂತಿಗಳ ಗೊಂಚಲು) ತಂದು, ಹೊಸ ಪರದೆಯ ತಂತಿಗಳನ್ನು ಮೇಜಿನ ಮೇಲೆಯೇ ಅದಕ್ಕೆ ಕ್ರಿಂಪ್ ಮಾಡಿಕೊಂಡರೆ (ಲೋಹದ ಕೊಳವೆಯಲ್ಲಿ ಒತ್ತಿ ಬೆಸೆದುಕೊಂಡರೆ), ಡ್ಯಾಶ್‌ಬೋರ್ಡಿನೊಳಗೆ ಬಗ್ಗಿ ಮಾಡುವ ಕೆಲಸ ಕೊನೆಯ ಹತ್ತು ನಿಮಿಷಕ್ಕೆ ಇಳಿಯುತ್ತದೆ. ನೀವೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಇದೇ: ಮೀಟರ್ ಹಿಡಿದು ಅಳೆಯುವ ತಾಳ್ಮೆ ಇದ್ದರೆ ಖಂಡಿತ ಮಾಡಿಕೊಳ್ಳಬಹುದು.

ಕ್ಯಾಮೆರಾ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ 2018ರ ಮೇ 1ರಿಂದ ತಯಾರಾದ ಹೊಸ ವಾಹನಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ. ಆದರೆ ಆ ನಿಯಮ 10,000 ಪೌಂಡು ಅಥವಾ ಅದಕ್ಕಿಂತ ಕಡಿಮೆ ಒಟ್ಟು ತೂಕದ ಮಿತಿಯ ವರ್ಗಕ್ಕೆ ಸೇರಿದವುಗಳಿಗಷ್ಟೇ ಅನ್ವಯಿಸುತ್ತದೆ. ನಿಮ್ಮ ಇ-450ರ ಮಿತಿ 14,500 ಪೌಂಡು. ಅಂದರೆ ನಿಮ್ಮ ಕ್ಯಾಮೆರಾ ಫೋರ್ಡ್ ಕಾರ್ಖಾನೆಯದಲ್ಲ, ಮೇಲಿನ ಮನೆ ಕಟ್ಟಿದವರು ತಾವೇ ಆಯ್ದು ಹಾಕಿದ್ದು. ಪ್ಲಗ್ಗು ಒಬ್ಬೊಬ್ಬರದು ಒಂದೊಂದು ಬಗೆಯಾಗಿರುವುದು ಇದೇ ಕಾರಣಕ್ಕೆ. 'ಕೇಬಲ್ ಬದಲಿಸಲೇಬೇಕು' ಎಂದು ಅಂಗಡಿಯವರು ಹೇಳುವುದೂ ಹೆಚ್ಚಾಗಿ ಆ ಪ್ಲಗ್ಗು ಅವರ ಬಳಿ ಇಲ್ಲದ್ದರಿಂದ. ನಾಲ್ಕು ಅಥವಾ ಐದು ಮೊಳೆಗಳ (ಪಿನ್ನುಗಳ) ದುಂಡು ಪ್ಲಗ್ಗಿನೊಳಗೆ ಸಾಮಾನ್ಯವಾಗಿ ಇರುವುದು ಚಿತ್ರ, ವಿದ್ಯುತ್, ನೆಲತಂತಿ, ಒಮ್ಮೊಮ್ಮೆ ಧ್ವನಿ. ಚಿತ್ರದ ಸಂಕೇತ ಹಳೆಯ ಅನಲಾಗ್ ಬಗೆಯದಾದರೆ, ಹಳದಿ ಆರ್‌ಸಿಎ ತುದಿಗೆ (ಹಳೆಯ ಟಿವಿಗಳಿಗೆ ಸಿಕ್ಕಿಸುತ್ತಿದ್ದ ದುಂಡು ಪ್ಲಗ್ಗು) ಪರಿವರ್ತಿಸುವ ಒಂದು ಚಿಕ್ಕ ಅಡಾಪ್ಟರ್ ಸಾಕು. ಮೂವತ್ತು ಅಡಿ ಉದ್ದದ ಗೋಡೆಯ ಪದರಗಳ ನಡುವೆ ಹುದುಗಿರುವ, ಸರಿಯಾಗಿ ಕೆಲಸ ಮಾಡುತ್ತಿರುವ ಕೇಬಲ್ಲನ್ನು ಎಳೆದುಹಾಕುವುದು ಅನಗತ್ಯ ಸಾಹಸ. ಏಳು ಇಂಚಿನ ಪರದೆಯ ಮೇಲೆ ಹಳೆಯ ಕ್ಯಾಮೆರಾದ ಚಿತ್ರ ಸಾಕಷ್ಟು ಚೆನ್ನಾಗಿ ಕಾಣುತ್ತದೆ. ಹತ್ತು ಇಂಚಿಗೆ ಹಿಗ್ಗಿಸಿದಾಗಲೇ ಅದು ಮಬ್ಬಾಗಿ, ಹೊಸ ಕ್ಯಾಮೆರಾ ಬೇಕೆನಿಸುವುದು.

ನಿಮ್ಮ ಕ್ಯಾಮೆರಾದಲ್ಲಿ ಮೈಕ್ ಇದೆಯೇ ಎಂದು ನೋಡಿಕೊಳ್ಳಿ. ವಾಹನ ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತವರು 'ಸಾಕು, ನಿಲ್ಲಿಸಿ' ಎಂದದ್ದು ಮುಂದಿನ ಆಸನಕ್ಕೆ ಕೇಳಿಸಲೆಂದು ಮೋಟರ್‌ಹೋಮಿನ ಕ್ಯಾಮೆರಾಗಳಲ್ಲಿ ಅದನ್ನು ಕೊಡುವುದುಂಟು. ಹೊಸ ಪರದೆಗಳಲ್ಲಿ ಹೆಚ್ಚಿನವು ಕ್ಯಾಮೆರಾದ ಚಿತ್ರವನ್ನು ಮಾತ್ರ ತೆಗೆದುಕೊಳ್ಳುತ್ತವೆ, ಧ್ವನಿಯನ್ನಲ್ಲ. ಈ ಸೌಲಭ್ಯವನ್ನು ನೀವು ಬಳಸುತ್ತಿದ್ದರೆ ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ.

ಕಾರಿಗೂ ಮೋಟರ್‌ಹೋಮಿಗೂ ಇನ್ನೊಂದು ವ್ಯತ್ಯಾಸವಿದೆ. ಇಲ್ಲಿ ಒಳಗನ್ನಡಿಯಲ್ಲಿ ಕಾಣುವುದು ರಸ್ತೆಯಲ್ಲ, ಊಟದ ಮೇಜು. ಆದ್ದರಿಂದ ಕ್ಯಾಮೆರಾ ಹಿಂದಕ್ಕೆ ಹೋಗುವಾಗಷ್ಟೇ ಅಲ್ಲ, ಹೆದ್ದಾರಿಯಲ್ಲಿ ಓಡುವಾಗಲೂ ಬೇಕು. ಅನೇಕ ಹೊಸ ಪರದೆಗಳು ರಿವರ್ಸ್ ಗೇರ್ ಹಾಕಿದಾಗ ಮಾತ್ರ ಕ್ಯಾಮೆರಾ ತೋರಿಸುತ್ತವೆ, ತೋರಿಸುವಾಗ ನಕ್ಷೆಯನ್ನು ಮುಚ್ಚಿಬಿಡುತ್ತವೆ. ಬೇಕೆಂದಾಗ ಹಿಂಬದಿ ನೋಟ ತೆರೆಯುವ ಗುಂಡಿ ಇರುವ, ಎರಡು ಕ್ಯಾಮೆರಾಗಳಿಗೆ ಜಾಗವಿರುವ ಮಾದರಿಯನ್ನು ಹುಡುಕಿ. ನನ್ನನ್ನು ಕೇಳಿದರೆ, ಕ್ಯಾಮೆರಾವನ್ನು ಈ ಪರದೆಗೆ ಸೇರಿಸದೆ, ಒಳಗನ್ನಡಿಯ ಜಾಗದಲ್ಲಿ ಕೂರುವ ಪ್ರತ್ಯೇಕ ಚಿಕ್ಕ ಮಾನಿಟರಿಗೆ ಕೊಡುವುದೇ ಉತ್ತಮ. ಕಣ್ಣು ಅಭ್ಯಾಸದಿಂದ ಹೋಗುವುದು ಅಲ್ಲಿಗೇ, ನಕ್ಷೆಯೂ ಅಡ್ಡಿಯಿಲ್ಲದೆ ಉಳಿಯುತ್ತದೆ. ಎರಡನ್ನೂ ಒಂದೇ ಪರದೆಯಲ್ಲಿ ಇಡುವುದಾದರೆ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ: ಆಗಷ್ಟೇ ಚಾಲೂ ಮಾಡಿದ ಪರದೆಯಲ್ಲಿ ರಿವರ್ಸ್ ಸಂಕೇತ ಕೊಟ್ಟ ಎಷ್ಟು ಹೊತ್ತಿಗೆ ಚಿತ್ರ ಬರುತ್ತದೆ ನೋಡಿ. ಹಗುರ ವಾಹನಗಳಿಗೆ ಅಮೆರಿಕದ ನಿಯಮ ಕೇಳುವುದು 2 ಸೆಕೆಂಡಿನೊಳಗೆ. ನಿಮ್ಮ ವಾಹನಕ್ಕೆ ಅದು ಕಡ್ಡಾಯವಲ್ಲದಿದ್ದರೂ ಅಷ್ಟನ್ನು ನಿರೀಕ್ಷಿಸುವುದು ತಪ್ಪಲ್ಲ.

ನಕ್ಷೆಯ ವಿಷಯದಲ್ಲಿ ಒಂದು ಎಚ್ಚರ. ಹೊಸ ಪರದೆಗೆ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ (ಫೋನಿನ ಆ್ಯಪ್‌ಗಳನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯ) ಬಂದೊಡನೆ ಫೋನಿನ ನಕ್ಷೆಯೇ ಸಾಕೆನಿಸುತ್ತದೆ. ಆದರೆ ಕಾರುಗಳಿಗಾಗಿ ರೂಪಿಸಿದ ಆ ನಕ್ಷೆಗಳು ನಿಮ್ಮ ವಾಹನದ ಎತ್ತರವನ್ನು ಕೇಳುವುದೇ ಇಲ್ಲ. ಉತ್ತರ ಕೆರೊಲಿನಾದ ಡರಂನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆಯೊಂದು ಲಾರಿಗಳ ಚಾವಣಿ ಸುಲಿಯುವುದಕ್ಕೇ ಪ್ರಸಿದ್ಧವಾಗಿತ್ತು. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಎತ್ತರಿಸಿದ ಮೇಲೂ ಬಡಿತಗಳು ನಿಂತಿಲ್ಲ. ನಿಮಗೆ ಇನ್ನೂ ಹತ್ತಿರದ ಉದಾಹರಣೆ ಬಾಲ್ಟಿಮೋರ್. ಅಲ್ಲಿನ ಹಾರ್ಬರ್ ಸುರಂಗ, ಫೋರ್ಟ್ ಮೆಕ್‌ಹೆನ್ರಿ ಸುರಂಗಗಳೊಳಗೆ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ (ಅಡುಗೆ ಅನಿಲ) ಟ್ಯಾಂಕ್ ಹೊತ್ತ ವಾಹನಗಳಿಗೆ ಪ್ರವೇಶವಿಲ್ಲ. ಅಡುಗೆ ಒಲೆ ಇರುವ ಮೋಟರ್‌ಹೋಮ್ ಸಹಜವಾಗಿಯೇ ಈ ನಿಷೇಧಕ್ಕೆ ಒಳಪಡುತ್ತದೆ. ಮೊದಲು ಇಂತಹ ವಾಹನಗಳು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮೇಲೆ ಹಾದುಹೋಗುತ್ತಿದ್ದವು. 2024ರ ಮಾರ್ಚ್ 26ರಂದು ಹಡಗು ಬಡಿದು ಆ ಸೇತುವೆ ಕುಸಿದ ಬಳಿಕ 695 ಹೆದ್ದಾರಿಯ ಪಶ್ಚಿಮ ಭಾಗವನ್ನು ಸುತ್ತಿಕೊಂಡು ಹೋಗಬೇಕಾಗಿದೆ. ಫೋನಿನ ನಕ್ಷೆ ಇದನ್ನು ತಿಳಿಯದೆ ನೇರವಾಗಿ ಸುರಂಗದ ಬಾಯಿಗೇ ಕರೆದೊಯ್ಯುತ್ತದೆ. ಎತ್ತರ, ಉದ್ದ, ತೂಕ, ಪ್ರೊಪೇನ್ ಎಲ್ಲವನ್ನೂ ನಮೂದಿಸಬಹುದಾದ ಮೋಟರ್‌ಹೋಮ್ ಜಿಪಿಎಸ್‌ಗಳನ್ನು ಗಾರ್ಮಿನ್ ಮುಂತಾದ ಸಂಸ್ಥೆಗಳು ಮಾಡುತ್ತವೆ. ದೊಡ್ಡ ಪರದೆಗೆ ಕೊಡಬೇಕೆಂದಿದ್ದ ಹೆಚ್ಚುವರಿ ಹಣವನ್ನು ಇದಕ್ಕೆ ಕೊಡಿ.

ಪ್ರಶ್ನೆ: ಬಾಡಿ ಕಟ್ಟುವವರಿಂದ ಟೆಂಪೊ ಟ್ರಾವೆಲರ್ ಮೇಲೆ ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ನ್ಯೂ ಜೆರ್ಸಿಯಲ್ಲಿರುವ ನಮ್ಮ ಭಾವ ಅಲ್ಲಿಂದ ಒಳ್ಳೆಯ ಸ್ಟೀರಿಯೋ ಪರದೆ ತಂದುಕೊಟ್ಟರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಕ್ಯಾಮೆರಾವನ್ನು ಅದಕ್ಕೆ ಹಾಕಿಸಿದರೆ ಚಿತ್ರ ಕಪ್ಪುಬಿಳುಪಾಗಿ ಮೇಲಕ್ಕೆ ಉರುಳುತ್ತಲೇ ಇರುತ್ತದೆ. ಮೈಸೂರು ಆಕಾಶವಾಣಿಯ 100.6 ಕೂಡ ಸಿಗುತ್ತಿಲ್ಲ. ಪರದೆ ಕೆಟ್ಟಿದೆಯೇ? ಇದನ್ನು ಹಾಕಿಸಿದ್ದಕ್ಕೆ ಆರ್‌ಟಿಒ ಆಕ್ಷೇಪಣೆ ಬರುವುದೇ?
– ಓದುಗರು, ಮೈಸೂರು

ಉತ್ತರ: ಪರದೆ ಕೆಟ್ಟಿಲ್ಲ, ಅದು ಅಮೆರಿಕದ ರೂಢಿಗೆ ತಕ್ಕಂತೆ ನಡೆಯುತ್ತಿದೆ.

ಅನಲಾಗ್ ಚಿತ್ರಕ್ಕೆ ಅಮೆರಿಕ ಅನುಸರಿಸಿದ್ದು ಎನ್‌ಟಿಎಸ್‌ಸಿ ಪದ್ಧತಿಯನ್ನು, ಭಾರತ ಪಾಲ್ ಪದ್ಧತಿಯನ್ನು. ಮೊದಲನೆಯದರಲ್ಲಿ ಒಂದು ಚಿತ್ರಕ್ಕೆ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಎರಡನೆಯದರಲ್ಲಿ 625 ಗೆರೆಗಳು, 25 ಚಿತ್ರಗಳು. ಬಣ್ಣದ ಮಾಹಿತಿಯನ್ನು ಹೊತ್ತು ತರುವ ಉಪವಾಹಕದ ಆವರ್ತನವೂ ಎರಡರಲ್ಲಿ ಬೇರೆ ಬೇರೆ, ಒಂದರಲ್ಲಿ 3.58 ಮೆಗಾಹರ್ಟ್ಸ್, ಇನ್ನೊಂದರಲ್ಲಿ 4.43. ಬಣ್ಣದ ಎಳೆ ಸಿಗದ್ದರಿಂದ ಚಿತ್ರ ಕಪ್ಪುಬಿಳುಪಾಗಿದೆ, ಲಯ ಕೂಡದ್ದರಿಂದ ಉರುಳುತ್ತಿದೆ. ಪರದೆಯ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಅಥವಾ ಸ್ವಯಂಚಾಲಿತ ಎಂಬ ಆಯ್ಕೆ ಇದ್ದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಎನ್‌ಟಿಎಸ್‌ಸಿ ಎಂದು ನಮೂದಾಗಿರುವ ಕ್ಯಾಮೆರಾ ಕೊಳ್ಳಿ. ಪರದೆಯ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ.

ರೇಡಿಯೋದ ಸಮಸ್ಯೆಯೂ ಇದೇ ಜಾತಿಯದು. ಅಮೆರಿಕದಲ್ಲಿ ಎಫ್‌ಎಂ ಕೇಂದ್ರಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿ, ದಶಮಾಂಶದ ಅಂಕಿ ಬೆಸವಾಗಿರುವಂತೆ ನೆಲೆಗೊಂಡಿವೆ: 88.1, 88.3, 88.5 ಹೀಗೆ. ಆ ಲೆಕ್ಕದ ಟ್ಯೂನರ್ 100.5ರಲ್ಲಿ ನಿಲ್ಲುತ್ತದೆ, 100.7ಕ್ಕೆ ನೆಗೆಯುತ್ತದೆ, ಮೈಸೂರಿನ 100.6ರ ಮೇಲೆ ಕಾಲೂರುವುದಿಲ್ಲ. ಬೆಂಗಳೂರಿಗೆ ಹೋದಾಗ ಆಕಾಶವಾಣಿಯ 101.3, ವಿವಿಧ ಭಾರತಿಯ 102.9 ಸರಾಗವಾಗಿ ಸಿಗುತ್ತವೆ. ಅದನ್ನು ಕಂಡು ರೇಡಿಯೋ ತಾನಾಗಿ ಸರಿಹೋಯಿತೆಂದು ಭಾವಿಸಬೇಡಿ. ಟ್ಯೂನರಿನ ಸೆಟ್ಟಿಂಗ್‌ನಲ್ಲಿ ಪ್ರದೇಶದ ಆಯ್ಕೆ ಇದ್ದರೆ ಯುರೋಪ್ ಅಥವಾ ಏಷ್ಯಾ ಎಂದು ಬದಲಿಸಿ. ಆ ಆಯ್ಕೆ ಇಲ್ಲದ ಮಾದರಿಗಳೂ ಇವೆ. ಆಗ ಆಕಾಶವಾಣಿಯ ಆ್ಯಪ್ ಮೂಲಕ ಫೋನಿನಿಂದ ಕೇಳುವುದೇ ದಾರಿ. ಉಪಗ್ರಹ ರೇಡಿಯೋ, ಅಮೆರಿಕದ ನಕ್ಷೆ ಇವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನಿಮಗೆ ಈಗಾಗಲೇ ತಿಳಿದಿರಬೇಕು.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಡೆಯುವುದು, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತಹ ಬದಲಾವಣೆಯನ್ನು. ಸ್ಟೀರಿಯೋ ಪರದೆ ಆ ಸಾಲಿಗೆ ಸೇರುವುದಿಲ್ಲ. ಟ್ರಾವೆಲರನ್ನು ಕ್ಯಾರವಾನ್ ಆಗಿ ಮಾರ್ಪಡಿಸಿದ್ದು ಮಾತ್ರ ನೋಂದಣಿಯಲ್ಲಿ ದಾಖಲಾಗಿರಬೇಕು. ಅದು ಆಗಿದೆಯೇ ಎಂದು ಪುಸ್ತಕ ತೆಗೆದು ಇಂದೇ ನೋಡಿ, ಏಕೆಂದರೆ ಅಪಘಾತವಾದಾಗ ವಿಮಾ ಕಂಪನಿ ಮೊದಲು ಕೇಳುವುದು ಅದನ್ನೇ.

ಇದೇ ಪ್ರಶ್ನೆ ಇರುವ ಇತರರಿಗೂ ಒಂದು ಮಾತು. ದೊಡ್ಡ ಬಸ್ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. ಅಲ್ಲಿ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದು ಸ್ಟೀರಿಯೋಗೆ ಕೊಡುವ ಪರಿಪಾಠ ಗ್ಯಾರೇಜುಗಳಲ್ಲಿದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಕೊರತೆಯಲ್ಲೂ ಇನ್ನೊಂದು ಸದಾ ಅತಿಯಾದ ಚಾರ್ಜಿನಲ್ಲೂ ಇದ್ದು ಎರಡೂ ಬೇಗ ಹಾಳಾಗುತ್ತವೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಪ್ರಶ್ನೆ: ನಮ್ಮದು 2004ರ, ಹಿಂಬದಿ ಡೀಸೆಲ್ ಎಂಜಿನ್ನಿನ, ಬಸ್ಸಿನ ಆಕಾರದ 'ಎ' ವರ್ಗದ ಮೋಟರ್‌ಹೋಮ್. ವೇಗ, ಎಣ್ಣೆಯ ಒತ್ತಡ ತೋರಿಸುವ ಮುಳ್ಳುಗಳ ನಡುವೆ ಇರುವ ಚಿಕ್ಕ ಎಲ್‌ಸಿಡಿ ಪರದೆಯಲ್ಲಿ ಅಂಕಿಗಳು ಅರ್ಧರ್ಧ ಮಾಯವಾಗಿವೆ. ಎಷ್ಟು ಮೈಲಿ ಓಡಿದೆ ಎಂಬುದೇ ಓದಲಾಗುವುದಿಲ್ಲ. ಇಡೀ ಮೀಟರ್ ಫಲಕವನ್ನು ತೆಗೆದು, ಎಂಜಿನ್ನಿನ ಮಾಹಿತಿ ತೋರಿಸುವ ಟ್ಯಾಬ್ಲೆಟ್ ಒಂದನ್ನು ಅಲ್ಲಿ ಕೂರಿಸಬಹುದೇ?
– ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ಬೇಡ. ಸ್ಟೀರಿಯೋ ಪರದೆ ನಡುದಾರಿಯಲ್ಲಿ ಕೈಕೊಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ. ಮೀಟರ್ ಫಲಕದ ವಿಷಯ ಹಾಗಲ್ಲ. ನಿಮ್ಮ ವಾಹನಕ್ಕೆ ಏರ್ ಬ್ರೇಕ್ ಇರುವ ಸಂಭವ ಹೆಚ್ಚು. ಗಾಳಿಯ ಒತ್ತಡದ ಮಾಪಕ, ಒತ್ತಡ 60 ಪಿಎಸ್‌ಐಗಿಂತ ಇಳಿದಾಗ ಎಚ್ಚರಿಸುವ ವ್ಯವಸ್ಥೆ ಎರಡೂ ಆ ಫಲಕದ ಸುತ್ತಲೇ ಇರುತ್ತವೆ. ಬೇಸಿಗೆಯ ಟೆಕ್ಸಾಸ್ ಬಿಸಿಲಿನಲ್ಲಿ, ಎದುರಿನ ವಿಶಾಲ ಗಾಜಿನ ಕೆಳಗೆ ಕುಳಿತು ಕಾದ ಟ್ಯಾಬ್ಲೆಟ್ ತನ್ನನ್ನು ತಾನು ಉಳಿಸಿಕೊಳ್ಳಲು ಆರಿಹೋಗುತ್ತದೆ. ಬ್ರೇಕಿನ ಒತ್ತಡ ತಿಳಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಲಾಗದು.

ಅಂಕಿಗಳು ಅರ್ಧರ್ಧ ಮಾಯವಾಗುವುದಕ್ಕೆ ಸಾಮಾನ್ಯ ಕಾರಣ, ಎಲ್‌ಸಿಡಿ ಗಾಜನ್ನು ಸರ್ಕ್ಯೂಟ್ ಬೋರ್ಡಿಗೆ ಕೂಡಿಸುವ ತೆಳುವಾದ ಪಟ್ಟಿ ಶಾಖ, ಕುಲುಕಾಟಗಳಿಂದ ಅಲ್ಲಲ್ಲಿ ಬಿಟ್ಟುಕೊಂಡಿರುವುದು. ಮೀಟರ್ ಫಲಕಗಳನ್ನೇ ದುರಸ್ತಿ ಮಾಡುವ ಕಾರ್ಯಾಗಾರಗಳು ಆ ಪಟ್ಟಿಯನ್ನೋ ಗಾಜನ್ನೋ ಬದಲಿಸಿ ಹಿಂತಿರುಗಿಸುತ್ತವೆ. ಫಲಕ ನಿಮ್ಮದೇ ಉಳಿಯುವುದರಿಂದ ಮೈಲಿಯ ಲೆಕ್ಕವೂ ಉಳಿಯುತ್ತದೆ. ಬೇರೆ ಫಲಕವನ್ನೇ ಹಾಕುವುದಾದರೆ ಅಮೆರಿಕದ ಕೇಂದ್ರ ಕಾನೂನು ನೆನಪಿರಲಿ: ಹೊಸ ಓಡೋಮೀಟರ್ ಹಳೆಯ ಮೈಲಿಯನ್ನೇ ತೋರಿಸಬೇಕು; ಅದು ಸಾಧ್ಯವಾಗದಿದ್ದರೆ ಸೊನ್ನೆಗೆ ಇಳಿಸಿ, ಹಿಂದಿನ ಮೈಲಿಯನ್ನೂ ಬದಲಿಸಿದ ದಿನಾಂಕವನ್ನೂ ಬರೆದ ಸೂಚನೆಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು. 'ಎ' ವರ್ಗದ ಎಷ್ಟೋ ವಾಹನಗಳಿಗೆ ಎಡಬಾಗಿಲೇ ಇಲ್ಲ. ಆ ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ಕಾರು ಎಂಬುದರಲ್ಲಿ ಸಂಶಯವಿಲ್ಲ.

ಎಂಜಿನ್ನಿನ ವಿವರಗಳನ್ನು ಹೆಚ್ಚುವರಿಯಾಗಿ ನೋಡುವ ಆಸೆ ಇದ್ದರೆ, ಫಲಕವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಚಿಕ್ಕ ಪರದೆಯೊಂದನ್ನು ಇಡಬಹುದು. ಅದಕ್ಕೆ ಮುನ್ನ ಸ್ಟೀರಿಂಗ್ ಕೆಳಗಿನ ದುಂಡು ಡಯಾಗ್ನೋಸ್ಟಿಕ್ ಪ್ಲಗ್ಗನ್ನು ನೋಡಿ. ಆರು ಮೊಳೆಗಳಿದ್ದರೆ ಅದು ಸೆಕೆಂಡಿಗೆ 9,600 ಬಿಟ್ ವೇಗದ ಹಳೆಯ ಜೆ-1708 ಜಾಲ (ಎಂಜಿನ್ ಮೊದಲಾದ ಭಾಗಗಳು ಮಾಹಿತಿ ಹಂಚಿಕೊಳ್ಳುವ ತಂತಿಜಾಲ). ಕಪ್ಪು ಬಣ್ಣದ, ಒಂಬತ್ತು ಮೊಳೆಗಳ ಪ್ಲಗ್ಗಾದರೆ ಸೆಕೆಂಡಿಗೆ 2,50,000 ಬಿಟ್ ವೇಗದ ಜೆ-1939 ಜಾಲವೂ ಇರಬಹುದು. 2004ರ ಸುಮಾರಿನ ವಾಹನಗಳಲ್ಲಿ ಎರಡೂ ಜಾಲಗಳು ಒಟ್ಟಿಗೆ ಇರುವುದುಂಟು, ಆದ್ದರಿಂದ ಎರಡನ್ನೂ ಓದಬಲ್ಲ ಅಡಾಪ್ಟರನ್ನೇ ಕೊಳ್ಳಿ. ಕಾರುಗಳ ಎಂಜಿನ್ ಮಾಹಿತಿ ಓದಲೆಂದು ಮಾರುವ ಅಗ್ಗದ ಒಬಿಡಿ ಅಡಾಪ್ಟರುಗಳು ಇಲ್ಲಿ ಸಿಕ್ಕಿಸಲೂ ಬರುವುದಿಲ್ಲ.

ಪ್ರಶ್ನೆ: ಫಿಯಟ್ ಡುಕಾಟೊ ಮೇಲೆ ಕಟ್ಟಿದ ನಮ್ಮ ಕ್ಯಾಂಪರ್‌ಗೆ ಹೊಸ ಪರದೆ ಹಾಕಿಸಿದ ಮೇಲೆ ಡಿಎಬಿ ಡಿಜಿಟಲ್ ರೇಡಿಯೋ ಊರು ದಾಟಿದೊಡನೆ ಕಡಿದುಹೋಗುತ್ತದೆ. ಎಫ್‌ಎಂ ಚೆನ್ನಾಗಿಯೇ ಬರುತ್ತದೆ. ಪರದೆಯನ್ನು ಹಿಂತಿರುಗಿಸಬೇಕೇ?
– ಓದುಗರು, ಕೇಂಬ್ರಿಡ್ಜ್, ಇಂಗ್ಲೆಂಡ್

ಉತ್ತರ: ಹಿಂತಿರುಗಿಸುವ ಮೊದಲು ಆಂಟೆನಾ ನೋಡಿ. ಡುಕಾಟೊದಲ್ಲಿ ರೇಡಿಯೋ ಆಂಟೆನಾ ಇರುವುದು ಹೊರಗನ್ನಡಿಯ ತೋಳಿನೊಳಗೆ. ಎಫ್‌ಎಂ ಪ್ರಸಾರ 108 ಮೆಗಾಹರ್ಟ್ಸ್‌ಗೆ ಮುಗಿದರೆ, ಬ್ರಿಟನ್ನಿನ ಡಿಎಬಿ ಇರುವುದು 174ರಿಂದ 240 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಎಫ್‌ಎಂಗೆಂದು ಮಾಡಿದ ಹಳೆಯ ಆಂಟೆನಾಗೆ ಕವಲು ತಂತಿ ಹಾಕಿ ಡಿಎಬಿಯನ್ನೂ ಅದರಿಂದಲೇ ಪಡೆಯಲು ನೋಡಿದರೆ, ಪ್ರಸಾರಗೋಪುರದ ಸಮೀಪದಲ್ಲಷ್ಟೇ ಅದು ಕೆಲಸ ಮಾಡುತ್ತದೆ. ಪರದೆ ಕೂಡಿಸಿದವರು ಅದರ ಡಿಎಬಿ ತುದಿಗೆ ಏನನ್ನು ಸಿಕ್ಕಿಸಿದ್ದಾರೆ ನೋಡಿ; ಏನೂ ಸಿಕ್ಕಿಸದೆ ಬಿಟ್ಟಿರುವುದೂ ಅಪರೂಪವಲ್ಲ. ಮುಂದಿನ ಗಾಜಿನ ಒಳಗೆ ಅಂಟಿಸುವ, ವಿದ್ಯುತ್ ವರ್ಧಕ ಇರುವ ಡಿಎಬಿ ಆಂಟೆನಾ ಹಾಕಿಸಿ. ಅದರ ನೆಲಸಂಪರ್ಕದ ಪಟ್ಟಿಯನ್ನು ಗಾಜಿನ ಬದಿಯ ಕಂಬದ ಲೋಹಕ್ಕೇ ಅಂಟಿಸಬೇಕು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಅಲ್ಲ. ಚಾವಣಿಯ ಮೇಲೆ ಕೂರಿಸಬೇಕೆಂದಿದ್ದರೆ, ನಿಮ್ಮ ಕ್ಯಾಂಪರಿನ ಮೇಲ್ಭಾಗ ಫೈಬರ್‌ಗ್ಲಾಸ್‌ನದಾಗಿದ್ದಲ್ಲಿ, ಆಂಟೆನಾದ ಬುಡಕ್ಕೆ ಬೇಕಾದ ಲೋಹದ ತಳ ಅಲ್ಲಿ ಇರುವುದಿಲ್ಲ. ಆಗ ತಳ ಬೇಡದ ಮಾದರಿಯನ್ನೇ ಕೇಳಿ ಕೊಳ್ಳಿ.

ಹೊಸ ಪರದೆಯಲ್ಲಿ ವಾಹನದ ಎತ್ತರ ನಮೂದಿಸುವ ಜಾಗವಿದೆಯೇ ಎಂದೂ ಹುಡುಕಿ. ಝೆನೆಕ್, ಆಲ್ಪೈನ್ ಸಂಸ್ಥೆಗಳು ಕ್ಯಾಂಪರುಗಳಿಗೆಂದು ಮಾಡುವ ಮಾದರಿಗಳಲ್ಲಿ ಅದು ಇರುತ್ತದೆ. ನಿಮ್ಮ ನೆರೆಯ ಈಲಿಯಲ್ಲಿ ಸ್ಟಂಟ್ನಿ ರಸ್ತೆಯ ರೈಲು ಸೇತುವೆಯ ಎತ್ತರ 9 ಅಡಿ, ಅಂದರೆ 2.7 ಮೀಟರು. ಚಾವಣಿಯ ಮೇಲಿನ ಗಾಳಿಕಿಂಡಿ, ಸೌರಫಲಕಗಳನ್ನೂ ಸೇರಿಸಿ ನಿಮ್ಮ ವಾಹನವನ್ನು ಟೇಪಿನಿಂದ ಅಳೆದು, ಸಿಕ್ಕಿದ ಅಂಕಿಗೆ ಹತ್ತು ಸೆಂಟಿಮೀಟರ್ ಕೂಡಿಸಿ ಅದರಲ್ಲಿ ನಮೂದಿಸಿ.